ರ‍್ಯಾಟ್ಸ್ ನೆಸ್ಟ್ ಅಂದುಬಿಟ್ಟರೆ ಆಯ್ತಾ?

ಆರು ವರ್ಷದ ಹಿಂದೆ ನಾನೊಂದು ರಿಪೋರ್ಟ್ ಬರೆದಿದ್ದೆ. ಹದಿನಾಲ್ಕು ಪುಟ. ಅದರಲ್ಲಿ ಹದಿಮೂರೂವರೆ ಪುಟವನ್ನು ಯಾರೂ ಓದಲಿಲ್ಲ ಅನ್ನೋದು ಗ್ಯಾರಂಟಿ. ಎಲ್ಲರೂ ಓದಿದ್ದು ಒಂದೇ ಸಾಲು. ನಮ್ಮ ಸರ್ವರ್ ರೂಮಿನ ಕೇಬಲಿಂಗ್ ಒಂದು ‘ರ‍್ಯಾಟ್ಸ್ ನೆಸ್ಟ್’ ಆಗಿದೆ ಅನ್ನುವ ಸಾಲು. ಮೀಟಿಂಗ್‌ನಲ್ಲಿ ಅದು ಸ್ಕ್ರೀನ್ ಮೇಲೆ ಬಂದಾಗ ನಾಲ್ಕು ಜನ ನಕ್ಕರು. ಪಕ್ಕದಲ್ಲಿ ಹಾಕಿದ್ದ ಫೋಟೋ ನೋಡಿ ಮತ್ತೂ ನಕ್ಕರು. ನೀಲಿ, ಹಳದಿ, ಬೂದು ಬಣ್ಣದ ವೈರುಗಳು ರ‍್ಯಾಕ್‌ನಿಂದ ಜಡೆ ಬಿಚ್ಚಿದ ಹಾಗೆ ಇಳಿಬಿದ್ದಿದ್ದವು. ನನಗೂ ಖುಷಿಯಾಯ್ತು, ಸುಳ್ಳು ಯಾಕೆ ಹೇಳಲಿ. ಇಂಗ್ಲಿಷ್‌ನಲ್ಲಿ ಒಂದು ಸಾಲು ಬರೆದು ಜನರನ್ನು ನಗಿಸಿದ್ದು ಜೀವನದಲ್ಲಿ ಅದೇ ಮೊದಲು.

ಎರಡು ವಾರ ಆದ ಮೇಲೆ ಆ ವೈರುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಟೆಕ್ನಿಷಿಯನ್ ಬರೋದು ನಿಂತುಹೋಯ್ತು. ಅವರು ನಮ್ಮ ಕಂಪನಿಯವರಲ್ಲ, ಗುತ್ತಿಗೆ ಕಂಪನಿಯವರು. ವಾರಕ್ಕೆ ಮೂರು ದಿನ ಸ್ಕೂಟರ್‌ನಲ್ಲಿ ಬಂದು ಹೋಗ್ತಿದ್ದರು. ‘ಬೇರೆಯವರನ್ನ ಕಳಿಸಿ’ ಅಂತ ಮೇಲಿಂದ ಒಂದು ಮೇಲ್ ಹೋಗಿತ್ತಂತೆ. ತಪ್ಪು ಅವರದ್ದು ಅಂತ ನನ್ನ ರಿಪೋರ್ಟಿನಲ್ಲಿ ಎಲ್ಲೂ ಇರಲಿಲ್ಲ. ನಾನು ಹುಡುಕಿ ನೋಡಿದೆ, ನಿಜವಾಗ್ಲೂ ಇರಲಿಲ್ಲ. ಆದರೆ ಬರೆಯೋ ಅಗತ್ಯವೂ ಇರಲಿಲ್ಲವಲ್ಲ? ಗೂಡು ಅಂದ ಮೇಲೆ ಅದನ್ನು ಕಟ್ಟಿದ ಇಲಿ ಒಂದು ಇರಲೇಬೇಕು. ಆ ರೂಮಿಗೆ ದಿನಾ ಹೋಗಿ ಬರುತ್ತಿದ್ದವರು ಅವರೊಬ್ಬರೇ.

ಅವತ್ತಿನಿಂದ ನನಗೆ ಈ ನುಡಿಗಟ್ಟುಗಳ ಮೇಲೆ ಒಂದು ಕಣ್ಣು. ನಮ್ಮಂಥ ಆಫೀಸು ಜನರ ಬಾಯಲ್ಲಿ ಇವುಗಳ ಒಂದು ಪುಟ್ಟ ಸ್ಟಾಕ್ ಇರುತ್ತೆ. ಯಂತ್ರವೋ, ಸಾಫ್ಟ್‌ವೇರೋ, ಅಪಾರ್ಟ್‌ಮೆಂಟಿನ ಮೀಟರ್ ಬೋರ್ಡೋ, ನೋಡಿದ ತಕ್ಷಣ ತಲೆಬುಡ ತಿಳಿಯಲಿಲ್ಲ ಅಂದರೆ ಸ್ಟಾಕ್‌ನಿಂದ ಒಂದನ್ನು ಎತ್ತಿ ಬಿಸಾಡ್ತೀವಿ. ಸ್ಪಗೆಟಿ. ರೂಬ್ ಗೋಲ್ಡ್‌ಬರ್ಗ್ ಮಷೀನ್. ಕ್ಲೈಂಟ್ ಲಂಡನ್‌ನವರಾದರೆ ಹೀತ್ ರಾಬಿನ್ಸನ್. ಕ್ಲಜ್. ಬೆಲ್ಸ್ ಅಂಡ್ ವಿಸಲ್ಸ್. ಕ್ರಿಸ್‌ಮಸ್ ಟ್ರೀ. ಇಂಗ್ಲಿಷ್ ಯಾಕೆ, ಕನ್ನಡದಲ್ಲೇ ಹೇಳಿ ಅನ್ನೋ ಉಪದೇಶ ನನ್ನದಲ್ಲ. ಒಳ್ಳೆಯ ಮಾತು ಯಾವ ಭಾಷೆಯದ್ದಾದರೂ ಕಡ ತಗೋಬಹುದು. ನನ್ನ ತಕರಾರು ಏನಪ್ಪಾ ಅಂದರೆ, ಇಷ್ಟನ್ನೂ ನಾವು ಒಂದೇ ಅರ್ಥಕ್ಕೆ ಬಳಸ್ತೀವಿ: ‘ನೋಡೋಕೆ ಚೆನ್ನಾಗಿಲ್ಲ, ನನಗೆ ಅರ್ಥ ಆಗ್ತಿಲ್ಲ’. ಆದರೆ ಹುಟ್ಟಿದ ಊರಿನಲ್ಲಿ ಇವು ಬೇರೆ ಬೇರೆ ಕಾಯಿಲೆಗಳ ಹೆಸರುಗಳು. ಜ್ವರಕ್ಕೂ ಮುರಿದ ಕಾಲಿಗೂ ಒಂದೇ ಹೆಸರು ಬರೆದುಕೊಡುವ ಡಾಕ್ಟರ ಹತ್ತಿರ ಯಾರಾದರೂ ಹೋಗ್ತಾರಾ?

ರೂಬ್ ಗೋಲ್ಡ್‌ಬರ್ಗ್‌ನಿಂದ ಶುರು ಮಾಡೋಣ, ಹೆಚ್ಚು ಕೆಟ್ಟಿರೋದು ಅವನ ಹೆಸರೇ. 1883ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದವನು. ನಮ್ಮಲ್ಲಿ ಅನೇಕರ ಹಾಗೆ ಎಂಜಿನಿಯರಿಂಗ್ ಓದಿದ. ಊರಿನ ನೀರು ಮತ್ತು ಚರಂಡಿ ಇಲಾಖೆಯಲ್ಲಿ ಕೆಲಸಕ್ಕೆ ಸೇರಿ ಆರು ತಿಂಗಳಿಗೆ ಬಿಟ್ಟ. ಪತ್ರಿಕೆಗೆ ಹೋಗಿ ವ್ಯಂಗ್ಯಚಿತ್ರ ಬರೆಯೋಕೆ ಕೂತ. ಅವನ ಚಿತ್ರಗಳಲ್ಲಿ ಪ್ರೊಫೆಸರ್ ಬಟ್ಸ್ ಅನ್ನೋ ಒಬ್ಬ ಸಂಶೋಧಕ ಬರ್ತಾನೆ. ತಾನೇ ಬಾಯಿ ಒರೆಸುವ ನ್ಯಾಪ್ಕಿನ್‌ನ ಚಿತ್ರ ಎಲ್ಲರಿಗೂ ಗೊತ್ತಿರೋದು. ಸೂಪ್ ಕುಡಿಯೋಕೆ ಚಮಚ ಎತ್ತಿದರೆ ಅದಕ್ಕೆ ಕಟ್ಟಿದ ದಾರ ಎಳೆಯುತ್ತೆ, ಸೌಟು ಹಾರಿ ಬಿಸ್ಕತ್ತು ಎಸೆಯುತ್ತೆ, ಗಿಣಿ ಅದರ ಹಿಂದೆ ನೆಗೆಯುತ್ತೆ, ಗಿಣಿ ಕೂತಿದ್ದ ಕೋಲು ವಾಲಿ ಕಾಳು ಬಕೆಟ್ಟಿಗೆ ಬೀಳುತ್ತೆ, ಬಕೆಟ್ಟಿನ ಭಾರಕ್ಕೆ ಲೈಟರ್ ಹೊತ್ತಿಕೊಳ್ಳುತ್ತೆ, ರಾಕೆಟ್ ಹಾರುತ್ತೆ, ಕುಡುಗೋಲು ದಾರ ಕತ್ತರಿಸುತ್ತೆ, ಲೋಲಕಕ್ಕೆ ಕಟ್ಟಿದ ನ್ಯಾಪ್ಕಿನ್ ತೂಗಾಡಿ ಗಲ್ಲ ಒರೆಸುತ್ತೆ. ಉಸ್ಸಪ್ಪಾ!

ಈಗ ಆ ಚಿತ್ರವನ್ನು ನೆಟ್‌ನಲ್ಲಿ ಹುಡುಕಿ ನಿಧಾನವಾಗಿ ನೋಡಿ. ಅದರಲ್ಲಿ ಗೋಜಲು ಅನ್ನೋದು ಒಂಚೂರೂ ಇಲ್ಲ. ಪ್ರತಿ ಭಾಗಕ್ಕೂ ಎ, ಬಿ, ಸಿ ಅಂತ ಅಕ್ಷರ ಹಾಕಿದ್ದಾನೆ, ಕೆಳಗೆ ವಿವರಣೆ ಬರೆದಿದ್ದಾನೆ. ನಮ್ಮ ಎಷ್ಟೋ ಡಿಸೈನ್ ಡಾಕ್ಯುಮೆಂಟ್‌ಗಳಿಗಿಂತ ಸ್ಪಷ್ಟವಾಗಿದೆ. ಹಾಗಾದರೆ ಅವನು ಗೇಲಿ ಮಾಡ್ತಿರೋದು ಯಾವುದನ್ನ? ದಾರಿಯ ಉದ್ದವನ್ನ. ಕೈ ಎತ್ತಿ ಒರೆಸಿಕೊಂಡರೆ ಮುಗಿಯೋ ಕೆಲಸಕ್ಕೆ ಹದಿಮೂರು ಹೆಜ್ಜೆ. ಎಲ್ಲ ಹೆಜ್ಜೆಯೂ ಸರಿ, ಒಂದೂ ಬೇಕಾಗಿರಲಿಲ್ಲ. 1931ರ ಹೊತ್ತಿಗೇ ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ಡಿಕ್ಷನರಿ ಅವನ ಹೆಸರನ್ನು ವಿಶೇಷಣವಾಗಿ ಸೇರಿಸಿಕೊಂಡಿತು, ಇದೇ ಅರ್ಥಕ್ಕೆ.

ಇದಕ್ಕೆ ನಮ್ಮಲ್ಲಿ ಅಚ್ಚುಕಟ್ಟಾದ ಮಾತು ಇದೆ: ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ. ಗೋಲ್ಡ್‌ಬರ್ಗ್ ಹೇಳಿದ್ದನ್ನೇ ನಮ್ಮ ಅಜ್ಜಿ ಗಿಣಿ, ರಾಕೆಟ್ ಯಾವುದೂ ಇಲ್ಲದೆ ಹೇಳ್ತಿದ್ದಳು. ನಿಮ್ಮ ಆಫೀಸಿನಲ್ಲಿ ರಜೆ ಅಪ್ರೂವಲ್ ಹೇಗೆ ನಡೆಯುತ್ತೆ ಯೋಚಿಸಿ. ಆ್ಯಪ್‌ನಲ್ಲಿ ಹಾಕ್ತೀರಿ, ಅದು ಮೇಲ್ ಆಗುತ್ತೆ, ಮೇಲ್ ನೋಡಿ ಯಾರೋ ಎಕ್ಸೆಲ್‌ಗೆ ಏರಿಸ್ತಾರೆ, ಎಕ್ಸೆಲ್ ಪ್ರಿಂಟ್ ಆಗಿ ಸಹಿ ಬಿದ್ದು ಸ್ಕ್ಯಾನ್ ಆಗಿ ವಾಪಸ್ ಆ್ಯಪ್‌ಗೇ ಅಪ್‌ಲೋಡ್ ಆಗುತ್ತೆ. ಇದು ಶುದ್ಧ ಗೋಲ್ಡ್‌ಬರ್ಗ್. ಅಪ್ಪಟ ಕೊಂಕಣ-ಮೈಲಾರ. ಆದರೆ ಮೇಜಿನ ಕೆಳಗೆ ಸಿಕ್ಕು ಬಿದ್ದಿರೋ ಚಾರ್ಜರ್ ವೈರಿಗೆ ರೂಬ್ ಗೋಲ್ಡ್‌ಬರ್ಗ್ ಅಂದರೆ, ಕ್ಷಮಿಸಿ, ನೀವು ಆ ಚಿತ್ರ ನೋಡಿಲ್ಲ. ಅಲ್ಲಿ ವಿದ್ಯುತ್ತು ಅತಿ ಹತ್ತಿರದ ದಾರಿಯಲ್ಲೇ ಹೋಗ್ತಿದೆ. ಸಿಕ್ಕಾಗಿರೋದು ನಿಮ್ಮ ಕಾಲಿಗೆ.

ಹೀತ್ ರಾಬಿನ್ಸನ್ ಕಥೆ ಬೇರೆ. ಇವನು ಲಂಡನ್‌ನವನು, 1872ರಲ್ಲಿ ಹುಟ್ಟಿ 1944ರಲ್ಲಿ ತೀರಿಕೊಂಡ. ‘ಗೋಲ್ಡ್‌ಬರ್ಗ್‌ನ ಇಂಗ್ಲೆಂಡ್ ಆವೃತ್ತಿ’ ಅಂತ ಎಲ್ಲರೂ ಒಂದೇ ಸಾಲಿನಲ್ಲಿ ಮುಗಿಸಿಬಿಡ್ತಾರೆ. ಆದರೆ ಅವನ ಯಂತ್ರಗಳನ್ನು ನೋಡಿ: ಗಂಟು ಹಾಕಿ ಗಂಟು ಹಾಕಿ ಉದ್ದ ಮಾಡಿದ ದಾರ, ತೇಪೆ ಹಚ್ಚಿದ ಬಟ್ಟೆ, ಮೋಂಬತ್ತಿ, ರಾಟೆ, ಸೊಟ್ಟಗಿನ ಕೋಲು. ಪಕ್ಕದಲ್ಲಿ ಬೊಕ್ಕತಲೆಯ ಕನ್ನಡಕದ ಯಜಮಾನರು ಭಾರೀ ಗಂಭೀರವಾಗಿ ಹ್ಯಾಂಡಲ್ ತಿರುಗಿಸ್ತಿರ್ತಾರೆ. ಇಲ್ಲಿನ ತಮಾಷೆ ದಾರಿಯ ಉದ್ದದ್ದಲ್ಲ, ಸಾಮಾನಿನದು. ಕೈಗೆ ಸಿಕ್ಕಿದ್ದರಲ್ಲೇ ಕಟ್ಟಿದ್ದು, ಯಾವಾಗ ಬಿಚ್ಚಿಕೊಳ್ಳುತ್ತೋ ಗೊತ್ತಿಲ್ಲ. ಆದರೂ ನಡೀತಿದೆ! 1936ರಲ್ಲಿ ಅವನು ಇನ್ನೊಬ್ಬರ ಜೊತೆ ಸೇರಿ ಫ್ಲಾಟ್‌ನಲ್ಲಿ ಬದುಕೋದು ಹೇಗೆ ಅಂತಲೇ ಒಂದು ಪುಸ್ತಕ ತಂದ. ಒಂದು ಬೆಡ್‌ರೂಮಿನ ಮನೆಗೆ ಐವತ್ತು ಸಾವಿರ ಬಾಡಿಗೆ ಕಟ್ಟೋರು ಅದರ ಚಿತ್ರಗಳನ್ನು ನೋಡಿ ನಗೋದೋ ಅಳೋದೋ ಗೊತ್ತಾಗದೆ ಕೂರಬಹುದು.

ಈ ಹೆಸರಿನಲ್ಲಿ ಬೈಗುಳ ಎಷ್ಟಿದೆಯೋ ಅಕ್ಕರೆಯೂ ಅಷ್ಟೇ ಇದೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕ್‌ನಲ್ಲಿ ಜರ್ಮನ್ ಸೇನಾಪತಿಗಳ ಗುಪ್ತ ಟೆಲಿಪ್ರಿಂಟರ್ ಸಂದೇಶಗಳನ್ನು ಒಡೆಯೋ ಕೆಲಸ ನಡೀತಿತ್ತು. ಅದಕ್ಕಾಗಿ ಗಣಿತಜ್ಞ ಮ್ಯಾಕ್ಸ್ ನ್ಯೂಮನ್ ಅವರ ವಿಭಾಗಕ್ಕೆ 1943ರಲ್ಲಿ ಒಂದು ಯಂತ್ರ ಬಂತು. ಎರಡು ಕಾಗದದ ಟೇಪುಗಳು, ಒಂದರಲ್ಲಿ ಸಂದೇಶ, ಇನ್ನೊಂದರಲ್ಲಿ ಸಂಕೇತಚಕ್ರಗಳ ವಿನ್ಯಾಸ. ಮಂಚದ ಚೌಕಟ್ಟಿನ ಹಾಗಿದ್ದ ಸ್ಟ್ಯಾಂಡಿನಲ್ಲಿ ರಾಟೆಗಳ ಮೇಲೆ ಎರಡೂ ಜೊತೆಜೊತೆಯಾಗಿ ಓಡಬೇಕು. ಟೇಪು ಹಿಗ್ಗುತ್ತಿತ್ತು, ತಾಳ ತಪ್ಪುತ್ತಿತ್ತು, ಹರಿಯುತ್ತಿತ್ತು. ಅದನ್ನು ನಡೆಸುತ್ತಿದ್ದ ನೌಕಾಪಡೆಯ ಹೆಣ್ಣುಮಕ್ಕಳು ಇಟ್ಟ ಹೆಸರೇ ಹೀತ್ ರಾಬಿನ್ಸನ್. ಆಮೇಲೆ ಬಂದ ತಮ್ಮ-ತಂಗಿ ಯಂತ್ರಗಳಿಗೆ ಪೀಟರ್ ರಾಬಿನ್ಸನ್, ರಾಬಿನ್ಸನ್ ಅಂಡ್ ಕ್ಲೀವರ್ ಅಂತ ಲಂಡನ್ನಿನ ಅಂಗಡಿಗಳ ಹೆಸರಿಟ್ಟರಂತೆ. ಯುದ್ಧದ ನಡುವೆಯೂ ಈ ಕುಚೋದ್ಯ ನೋಡಿ.

ಇದರಲ್ಲಿ ನನಗೆ ಮುಖ್ಯ ಅನಿಸೋದು ಹೆಸರಿಟ್ಟವರು ಯಾರು ಅನ್ನೋದು. ದಿನಾ ಆ ಟೇಪನ್ನು ಅಂಟಿಸಿ, ಏರಿಸಿ, ಹರಿದಾಗ ಮತ್ತೆ ಅಂಟಿಸಿದವರು. ಅವರ ಬಾಯಲ್ಲಿ ಹೀತ್ ರಾಬಿನ್ಸನ್ ಅನ್ನೋದು ಒಂದು ಖಚಿತ ತಾಂತ್ರಿಕ ದೂರು: ಐಡಿಯಾ ಸರಿ ಇದೆ, ಸಾಮಾನು ಸಾಲದು. ಟಾಮಿ ಫ್ಲವರ್ಸ್ ಅನ್ನೋ ಅಂಚೆ ಇಲಾಖೆಯ ಎಂಜಿನಿಯರ್ ಮಾಡಿದ್ದೂ ಅದಕ್ಕೇ ಮದ್ದು. ಎರಡನೇ ಟೇಪನ್ನೇ ಕಿತ್ತುಹಾಕಿ ಅದರ ಕೆಲಸವನ್ನು ಎಲೆಕ್ಟ್ರಾನಿಕ್ ವಾಲ್ವ್‌ಗಳಿಗೆ ಕೊಟ್ಟ. ಹಾಗೆ 1944ರ ಆರಂಭದಲ್ಲಿ ಬಂದದ್ದು ಕೊಲೋಸಸ್, ಸೆಕೆಂಡಿಗೆ 5,000 ಅಕ್ಷರ ಓದುತ್ತಿದ್ದ ಯಂತ್ರ. ಅದರಲ್ಲಿ ಸಾವಿರಕ್ಕೂ ಹೆಚ್ಚು ವಾಲ್ವ್‌ಗಳಿದ್ದವು, ಅಂದರೆ ಹಳೆಯದಕ್ಕಿಂತ ಎಷ್ಟೋ ಪಟ್ಟು ಜಟಿಲ. ಆದರೂ ಅದಕ್ಕೆ ಯಾರೂ ಹೀತ್ ರಾಬಿನ್ಸನ್ ಅನ್ನಲಿಲ್ಲ. ಭಾಗಗಳ ಲೆಕ್ಕ ಹಿಡಿದು ಕೊಟ್ಟ ಹೆಸರು ಅದಾಗಿರಲೇ ಇಲ್ಲ.

ಉಳಿದವನ್ನು ಬೇಗ ನೋಡಿಬಿಡೋಣ. ಕ್ಲಜ್ ಅನ್ನೋ ಪದಕ್ಕೆ ಕಂಪ್ಯೂಟರ್ ಲೋಕದಲ್ಲಿ ಹೆಸರು ತಂದುಕೊಟ್ಟದ್ದು 1962ರಲ್ಲಿ ಜಾಕ್ಸನ್ ಗ್ರಾನ್‌ಹೋಮ್ ಡೇಟಾಮೇಷನ್ ಪತ್ರಿಕೆಗೆ ಬರೆದ ತಮಾಷೆ ಲೇಖನ. ಒಂದಕ್ಕೊಂದು ಹೊಂದದ ತುಂಡುಗಳನ್ನು ಸೇರಿಸಿ ಹೇಗೋ ನಡೆಯೋ ಹಾಗೆ ಮಾಡಿದ್ದು. ಕನ್ನಡದಲ್ಲಿ ತೇಪೆ ಕೆಲಸ ಅಂದರೆ ಮುಗೀತು. ಕೌದಿ ಅನ್ನಬೇಡಿ ಮತ್ತೆ, ಕೌದಿ ಹೊಲಿಯೋದು ಗೊತ್ತಿದ್ದು ಮಾಡೋ ಕಲೆ. ಸ್ಪಗೆಟಿ ಅಂದರೆ ಕೋಡಿನಲ್ಲಿ ಎಲ್ಲಿ ಹಿಡಿದರೆ ಎಲ್ಲಿ ಎಳೆಯುತ್ತೋ ಗೊತ್ತಾಗದ ಸ್ಥಿತಿ. 1968ರಲ್ಲಿ ಡೈಕ್‌ಸ್ಟ್ರ ‘ಗೋ ಟು’ ಆಜ್ಞೆಯ ವಿರುದ್ಧ ಪತ್ರ ಬರೆದದ್ದು ಇದೇ ಕಾಯಿಲೆ ನೋಡಿ. ಇದಕ್ಕೆ ನಮ್ಮ ಬೆಂಗಳೂರಿನ ಚಿತ್ರಾನ್ನ ಸರಿಹೊಂದಲ್ಲ. ಚಿತ್ರಾನ್ನದಲ್ಲಿ ಎಲ್ಲ ಕಲಸಿಹೋಗಿದೆ, ಆದರೆ ಯಾವ ಅಗಳೂ ಇನ್ನೊಂದನ್ನು ಎಳೆಯಲ್ಲ. ಶಾವಿಗೆ ಅಂದರೆ ಹತ್ತಿರ ಬರುತ್ತೆ. ಬೆಲ್ಸ್ ಅಂಡ್ ವಿಸಲ್ಸ್ ಅಂದರೆ ಬಾಲಂಗೋಚಿ. ಆದರೆ ಬಾಲಂಗೋಚಿ ಇಲ್ಲದೆ ಗಾಳಿಪಟ ಗಿರಕಿ ಹೊಡೆಯುತ್ತೆ, ಹಾಗಾಗಿ ಅದೂ ಪೂರ್ತಿ ಸರಿಯಲ್ಲ. ಮೂಗಿಗಿಂತ ಮೂಗುತಿ ಭಾರ ಅನ್ನೋ ಗಾದೆಯನ್ನು ಪಕ್ಕಕ್ಕಿಟ್ಟು ನೋಡಿ. ಇಂಗ್ಲಿಷಿನ ಗಂಟೆ-ಪೀಪಿಗಳು ಬರೀ ‘ಜಾಸ್ತಿ ಇದೆ’ ಅನ್ನುತ್ತವೆ. ನಮ್ಮ ಗಾದೆ ಜಾಸ್ತಿಯಾಗಿದ್ದು ಯಾವುದಕ್ಕೆ ಹೋಲಿಸಿದರೆ, ಅದರ ಭಾರ ಹೊರೋರು ಯಾರು ಅನ್ನೋದನ್ನೂ ಹೇಳುತ್ತೆ. ಈ ಪಂದ್ಯದಲ್ಲಿ ಕನ್ನಡಕ್ಕೆ ಗೆಲುವು, ಪಕ್ಷಪಾತ ಇಲ್ಲದೆ ಹೇಳ್ತಿದ್ದೀನಿ.

ಕ್ರಿಸ್‌ಮಸ್ ಟ್ರೀ ಹತ್ತಿರ ಮಾತ್ರ ಸ್ವಲ್ಪ ನಿಲ್ಲಬೇಕು. ಹೊರಗೆ ನಿಂತವರಿಗೆ ಒಂದು ಅರ್ಥ, ಒಳಗೆ ಕೂತವರಿಗೆ ಇನ್ನೊಂದು ಅನ್ನೋದು ಇದರಲ್ಲಿ ಕಣ್ಣಿಗೆ ಹೊಡೆಯೋ ಹಾಗೆ ಕಾಣುತ್ತೆ. ಎರಡನೇ ಮಹಾಯುದ್ಧದ ಕಾಲದ ಅಮೆರಿಕದ ಸಬ್‌ಮರೀನ್‌ಗಳಲ್ಲಿ ಒಂದು ದೀಪದ ಫಲಕ ಇರುತ್ತಿತ್ತು. ಹಡಗಿನ ಒಡಲಲ್ಲಿರೋ ಮುಚ್ಚಳಗಳು ತೆರೆದಿದ್ದರೆ ಕೆಂಪು, ಮುಚ್ಚಿದ್ದರೆ ಹಸಿರು. ನಾವಿಕರು ಅದನ್ನು ಕ್ರಿಸ್‌ಮಸ್ ಟ್ರೀ ಅಂತಲೇ ಕರೀತಿದ್ದರು. ಮುಳುಗುವ ಮುಂಚೆ ಎಲ್ಲ ಹಸಿರಾಗಿದೆಯಾ ನೋಡಬೇಕು, ಜೀವ ಇರೋದೇ ಅದರಲ್ಲಿ. ತೈಲ ಬಾವಿಯ ಬಾಯಿಗೆ ಕೂರಿಸೋ ಕವಾಟಗಳ ಗೊಂಚಲಿಗೂ ಅಲ್ಲಿನ ಕೆಲಸಗಾರರು ಹೇಳೋದು ಇದೇ ಹೆಸರು. ಪರ್ಚೇಸ್ ಆರ್ಡರ್‌ನಲ್ಲೂ ಹಾಗೇ ಬರೀತಾರೆ. ಈ ಇಬ್ಬರ ಮಾತಿನಲ್ಲೂ ದೂರು ಇಲ್ಲ. ಆಕಾರ ನೋಡಿ ಇಟ್ಟ ಹೆಸರು, ಬಳಸಿ ಬಳಸಿ ಖಚಿತವಾಯ್ತು.

ಅದೇ ಮಾತು ‘ಪ್ಯಾನೆಲ್ ಕ್ರಿಸ್‌ಮಸ್ ಟ್ರೀ ಹಾಗೆ ಹೊತ್ತಿಕೊಂಡಿತು’ ಅನ್ನುವಾಗ ತಿರುಗಿಬೀಳುತ್ತೆ. 1979ರ ಮಾರ್ಚ್ 28ರಂದು ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಶುರುವಿನಲ್ಲೇ ನೂರಕ್ಕೂ ಹೆಚ್ಚು ಅಲಾರಂಗಳು ಒಟ್ಟಿಗೆ ಹೊಡೆದುಕೊಂಡವು. ಯಾವುದು ಮುಖ್ಯ, ಯಾವುದು ಅಲ್ಲ ಅಂತ ತಿಳಿಯೋ ದಾರಿ ಇರಲಿಲ್ಲ. ಒಂದು ಕವಾಟ ತೆರೆದೇ ಉಳಿದು ತಂಪು ಮಾಡೋ ನೀರು ಎರಡು ಗಂಟೆಗೂ ಹೆಚ್ಚು ಕಾಲ ಸೋರಿಹೋಯ್ತು. ಆದರೆ ಪ್ಯಾನೆಲ್ ಮೇಲಿನ ದೀಪ ಅದು ಮುಚ್ಚಿದೆ ಅನ್ನೋ ಹಾಗೇ ಇತ್ತು. ಆ ದೀಪ ತೋರಿಸ್ತಿದ್ದದ್ದು ಮುಚ್ಚು ಅನ್ನೋ ಆಜ್ಞೆ ಹೋಗಿದೆ ಅಂತ ಮಾತ್ರ. ಕವಾಟ ನಿಜವಾಗಿ ಮುಚ್ಚಿತಾ ಅನ್ನೋದು ಅದಕ್ಕೂ ಗೊತ್ತಿರಲಿಲ್ಲ. ಆಪರೇಟರ್‌ಗಳು ಗೊಂದಲಕ್ಕೆ ಬಿದ್ದರು, ತಪ್ಪು ಮಾಡಿದರು ಅನ್ನೋದು ಮೊದಲ ಸುದ್ದಿ. ಅಧ್ಯಕ್ಷ ಕಾರ್ಟರ್ ನೇಮಿಸಿದ ಕೆಮೆನಿ ಆಯೋಗ ಕೂತು ನೋಡಿದಾಗ ಕಂಟ್ರೋಲ್ ರೂಮಿನ ವಿನ್ಯಾಸ, ತರಬೇತಿ, ಮೇಲಿನವರ ನಿರ್ಲಕ್ಷ್ಯ ಎಲ್ಲ ಹೊರಬಂತು. ಇಂಥ ಕಡೆ ‘ಕ್ರಿಸ್‌ಮಸ್ ಟ್ರೀ’ ಅಂದರೆ ಏನು ಹೇಳಿದ ಹಾಗಾಯ್ತು? ಬಹಳ ದೀಪ ಇತ್ತು ಅಂತ. ಸುಳ್ಳು ಹೇಳಿದ್ದು ಅದರಲ್ಲಿ ಒಂದೇ ದೀಪ.

ಇಂಥ ಕಂಟ್ರೋಲ್ ರೂಮುಗಳನ್ನು ಹೋಗಿ ನೋಡಿದವರಲ್ಲಿ ಡೊನಾಲ್ಡ್ ನಾರ್ಮನ್ ಒಬ್ಬರು. ಡಿಸೈನ್ ಓದಿದವರಿಗೆ ಅವರ ಪರಿಚಯ ಮಾಡಿಕೊಡಬೇಕಿಲ್ಲ. 1988ರ ಅವರ ಪ್ರಸಿದ್ಧ ಪುಸ್ತಕದಲ್ಲಿ ಒಂದು ಫೋಟೋ ಇದೆ. ಅಮೆರಿಕದ ಒಂದು ಅಣುಸ್ಥಾವರದ ಪ್ಯಾನೆಲ್‌ನಲ್ಲಿ ಅಕ್ಕಪಕ್ಕ ಎರಡು ಲಿವರ್, ಎರಡೂ ಒಂದೇ ಥರ. ಯಾವುದು ಯಾವುದೋ ತಪ್ಪಬಾರದು ಅಂತ ಅಲ್ಲಿನ ಆಪರೇಟರ್‌ಗಳು ಅವಕ್ಕೆ ಬಾರ್‌ನಲ್ಲಿ ಬಿಯರ್ ಬಿಡೋ ನಲ್ಲಿಯ ಹಿಡಿಗಳನ್ನು ಸಿಕ್ಕಿಸಿದ್ದಾರೆ, ಒಂದಕ್ಕೆ ಒಂದು ಬ್ರ್ಯಾಂಡ್, ಇನ್ನೊಂದಕ್ಕೆ ಇನ್ನೊಂದು. ಆಡಿಟ್‌ಗೆ ಹೋದ ನನ್ನಂಥವನು ಅದನ್ನು ನೋಡಿದ್ದರೆ ಏನು ಬರೀತಿದ್ದೆ? ಅಶಿಸ್ತು, ಕ್ಲಟರ್, ಅನ್‌ಪ್ರೊಫೆಷನಲ್. ಫೋಟೋ ಹಾಕಿ ನಾಲ್ಕು ಜನರನ್ನು ನಗಿಸ್ತಿದ್ದೆ. ಆ ಇಡೀ ಪ್ಯಾನೆಲ್ ಮೇಲೆ ಬುದ್ಧಿ ಓಡಿಸಿ ಮಾಡಿದ್ದು ಅದೊಂದೇ ಇರಬಹುದು ಅನ್ನೋದು ನನಗೆ ಹೊಳೆಯುತ್ತಿರಲಿಲ್ಲ.

ಈ ಮಾತು ನಾನು ಧೈರ್ಯವಾಗಿ ಹೇಳಬಲ್ಲೆ, ಯಾಕಂದರೆ ಸರ್ವರ್ ರೂಮಿನಲ್ಲಿ ನಾನು ಮಾಡಿದ್ದೂ ಅದನ್ನೇ.

ಹೊಸ ಟೆಕ್ನಿಷಿಯನ್‌ಗಳು ಹಳೇ ವೈರು ಬಿಚ್ಚೋಕೆ ಶುರು ಮಾಡಿದ ದಿನ ನಾನೂ ಅಲ್ಲಿ ನಿಂತಿದ್ದೆ. ಹತ್ತಿರದಿಂದ ನೋಡಿದ್ದು ಅವತ್ತೇ ಮೊದಲು. ಪ್ರತಿ ವೈರಿನ ತುದಿಯಲ್ಲೂ ಒಂದು ತುಂಡು ಮೆಡಿಕಲ್ ಟೇಪ್, ಅದರ ಮೇಲೆ ಬಾಲ್‌ಪೆನ್ನಿನಲ್ಲಿ ಕನ್ನಡ. ‘ಮೂರನೇ ಮಹಡಿ ಬಾಗಿಲು’. ‘ಅಕೌಂಟ್ಸ್ ಪ್ರಿಂಟರ್, ಹಳೇದು’. ‘ಮುಟ್ಟಬೇಡಿ ಕ್ಯಾಮೆರಾ’. ಒಂದರ ಮೇಲೆ ಬರೀ ‘ಸಾರ್ ರೂಮು’ ಅಂತಿತ್ತು. ಯಾವ ಸಾರ್ ಅಂತ ಇವತ್ತಿಗೂ ನಮಗೆ ಗೊತ್ತಿಲ್ಲ. ವೈರು ಇಳಿಬಿದ್ದಿದ್ದದ್ದಕ್ಕೆ ಕಾರಣ ಇನ್ನೂ ಸರಳ. ಪ್ಯಾಚ್ ಪ್ಯಾನೆಲ್ ಕೊಡಿಸಿ ಅಂತ ಅವರು ಕೇಳಿದ್ದು ನಮ್ಮ ಪರ್ಚೇಸ್ ಫೈಲ್‌ನಲ್ಲಿ ಮೂರು ಸಲ ಸಿಕ್ಕಿತು. ಮೂರು ಸಲವೂ ‘ಮುಂದಿನ ಕ್ವಾರ್ಟರ್ ನೋಡೋಣ’. ಪ್ಯಾನೆಲ್ ಇಲ್ಲದ ಮೇಲೆ ಉದ್ದದ ವೈರನ್ನು ನೇರ ಸ್ವಿಚ್ಚಿಗೆ ತಂದು ಚುಚ್ಚಬೇಕು, ಉಳಿದ ಉದ್ದವನ್ನು ಎಲ್ಲಾದರೂ ಬಿಡಬೇಕು. ಅವರು ಒಂಬತ್ತು ವರ್ಷ ಹಾಗೇ ನಡೆಸಿದ್ದರು. ಅಂದರೆ ನಾನು ಫೋಟೋ ತೆಗೆದದ್ದು ಒಂಬತ್ತು ವರ್ಷದ ಬಜೆಟ್‌ನದು.

ಸರಿಯಾದ ಹೆಸರು ಏನಿರಬೇಕಿತ್ತು? ಗೋಲ್ಡ್‌ಬರ್ಗ್ ಅಲ್ಲ, ದಾರಿ ನೇರವಾಗೇ ಇತ್ತು. ಸ್ಪಗೆಟಿಯೂ ಅಲ್ಲ, ಯಾವುದು ಎಲ್ಲಿಗೆ ಅಂತ ಬರೆದಿತ್ತು. ಹೀತ್ ರಾಬಿನ್ಸನ್ ಅಂದಿದ್ದರೆ ಸತ್ಯಕ್ಕೆ ಹತ್ತಿರ ಆಗ್ತಿತ್ತು: ಕೈಗೆ ಕೊಟ್ಟ ಸಾಮಾನಿನಲ್ಲಿ ನಡೆಸಿದ್ದಾರೆ, ಸಾಮಾನು ಸಾಲದು. ಆಗ ಕೇಳೋರು ಇಲಿ ಯಾವುದು ಅಂತ ಹುಡುಕದೆ, ಸಾಮಾನು ಕೊಡಬೇಕಾಗಿದ್ದವರು ಯಾರು ಅಂತ ಕೇಳ್ತಿದ್ದರೋ ಏನೋ. ಕನ್ನಡದಲ್ಲಿ ಬರೆದಿದ್ದರೂ ನಾನು ಕಾಗೆಗೂಡು ಅಂತಲೇ ಬರೀತಿದ್ದೆ, ಸಂಶಯ ಇಲ್ಲ. ಕೆದರಿದ ತಲೆಗೆ ಅಮ್ಮ ಹೇಳ್ತಿದ್ದ ಮಾತು ಅದು. ಅದರಲ್ಲೂ ಅದೇ ತೊಂದರೆ, ಗೂಡು ಅಂದ ಮೇಲೆ ಕಾಗೆ ಇರಬೇಕು. ನಗರದ ಕಾಗೆಗಳು ನಿಜಕ್ಕೂ ವೈರಿನ ತುಂಡು ಆಯ್ದು ಗೂಡು ಕಟ್ಟೋದುಂಟು, ಕಡ್ಡಿ ಸಿಗದಿದ್ದಾಗ ಇನ್ನೇನು ಮಾಡಬೇಕು ಪಾಪ.

ಆಮೇಲೆ ಇನ್ನೊಂದು ಗೊತ್ತಾಯ್ತು, ಇದು ಎಲೆಕ್ಟ್ರಾನಿಕ್ಸ್ ಓದಿದ ಗೆಳೆಯ ಹೇಳಿದ್ದು. ಸರ್ಕ್ಯೂಟ್ ಬೋರ್ಡ್ ವಿನ್ಯಾಸ ಮಾಡೋ ಸಾಫ್ಟ್‌ವೇರ್‌ಗಳಲ್ಲಿ ರ‍್ಯಾಟ್ಸ್‌ನೆಸ್ಟ್ ಅನ್ನೋದು ಬೈಗುಳವೇ ಅಲ್ಲವಂತೆ, ಮೆನುವಿನಲ್ಲಿರೋ ಪದ. ಬೋರ್ಡಿನ ಮೇಲೆ ಬಿಡಿಭಾಗಗಳನ್ನು ಇಟ್ಟ ತಕ್ಷಣ ಯಾವ ಪಿನ್ನು ಯಾವ ಪಿನ್ನಿಗೆ ಸೇರಬೇಕೋ ಅಷ್ಟಕ್ಕೂ ತೆಳುವಾದ ನೇರ ಗೆರೆಗಳು ಮೂಡುತ್ತವೆ. ಒಂದರ ಮೇಲೊಂದು ಹಾದು ಪರದೆ ತುಂಬ ಸಿಕ್ಕುಸಿಕ್ಕು. ಆದರೆ ಅದರಲ್ಲಿ ಒಂದು ಗೆರೆಯೂ ತಪ್ಪಿಲ್ಲ. ಪ್ರತಿ ಗೆರೆಗೂ ತಾನು ಎಲ್ಲಿಂದ ಹೊರಟೆ, ಎಲ್ಲಿ ಮುಟ್ಟಬೇಕು ಅಂತ ಗೊತ್ತು. ತಾಮ್ರದ ದಾರಿಯನ್ನು ಇನ್ನೂ ಹಾಕಿಕೊಟ್ಟಿಲ್ಲ ಅಷ್ಟೇ. ಎಂಜಿನಿಯರ್ ಒಂದೊಂದೇ ದಾರಿ ಎಳೆದ ಹಾಗೆ ಒಂದೊಂದೇ ಗೆರೆ ಮಾಯ ಆಗುತ್ತೆ. ಅವನು ಇದನ್ನು ಸ್ಕ್ರೀನ್ ಮೇಲೆ ತೋರಿಸ್ತಾ ಇದ್ದಾಗ ನಾನು ಕಾಫಿ ಆರಿಸಿಕೊಂಡು ಸುಮ್ಮನೆ ಕೂತಿದ್ದೆ. ಆ ಅರ್ಥದಲ್ಲಿ ನೋಡಿದರೆ ನನ್ನ ರಿಪೋರ್ಟಿನ ಸಾಲು ಅಕ್ಷರಶಃ ನಿಜ. ಬರೆದಾಗ ನನಗೆ ಗೊತ್ತಿರಲಿಲ್ಲ, ನಕ್ಕವರಿಗೂ ಗೊತ್ತಿರಲಿಲ್ಲ.

ರ‍್ಯಾಕ್ ಈಗ ಬಹಳ ಚೆಂದ ಇದೆ. ಬಣ್ಣಬಣ್ಣದ ಗಿಡ್ಡ ವೈರುಗಳು, ಬಾಚಿ ಜಡೆ ಹೆಣೆದ ಹಾಗೆ. ಬಂದವರಿಗೆಲ್ಲ ಗಾಜಿನ ಬಾಗಿಲಿನಾಚೆಯಿಂದ ತೋರಿಸ್ತಾರೆ. ಪ್ಯಾಚ್ ಪ್ಯಾನೆಲ್ ಕೂಡ ಬಂತು, ಎರಡೆರಡು. ಹೊಸಬರಿಗೆ ಅದು ಕೇಳಿದ ವಾರದಲ್ಲೇ ಸಿಕ್ಕಿತು. ಕಸಕ್ಕೆ ಹೋದ ಮೆಡಿಕಲ್ ಟೇಪಿನ ತುಂಡುಗಳ ಜಾಗದಲ್ಲಿ ಮಷೀನ್‌ನಲ್ಲಿ ಮುದ್ರಿಸಿದ ಲೇಬಲ್‌ಗಳು: ಪಿ1-ಎ07, ಪಿ1-ಎ08. ಯಾವುದು ಎಲ್ಲಿಗೆ ಅಂತ ಒಂದು ಎಕ್ಸೆಲ್ ಶೀಟಿನಲ್ಲಿದೆ. ಆ ಶೀಟು ಸರ್ವರ್‌ನಲ್ಲಿದೆ.

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಸರ್ವರ್ ಬಿತ್ತು, ಜೊತೆಗೆ ಮೂರನೇ ಮಹಡಿಯ ಬಾಗಿಲೂ ಲಾಕ್ ಆಗಿ ಇಬ್ಬರು ಒಳಗೆ ಸಿಕ್ಕಿಕೊಂಡರು. ಶೀಟು ತೆರೆಯೋಕೆ ಆಗ್ತಿಲ್ಲ. ಹೊಸ ಗುತ್ತಿಗೆದಾರರ ಫೋನ್ ರಿಂಗ್ ಆಗ್ತಾನೇ ಇದೆ. ಕೊನೆಗೆ ನಾನು ಹಳಬರ ನಂಬರ್ ಹುಡುಕಿ ಹಚ್ಚಿದೆ. ನಿದ್ದೆಗಣ್ಣಲ್ಲೇ ಎತ್ತಿದರು. ಯಾರು ಅಂತ ಹೇಳಿದೆ, ನೆನಪಿತ್ತು. ನನ್ನ ರಿಪೋರ್ಟಿನ ಬಗ್ಗೆ ಅವರಿಗೆ ಗೊತ್ತೋ ಇಲ್ಲವೋ, ಕೇಳೋ ಧೈರ್ಯ ಆಗಲಿಲ್ಲ. ‘ಮೂರನೇ ಮಹಡಿ ಬಾಗಿಲಾ? ಏನಿಲ್ಲ ಸಾರ್, ಸುಲಭ. ಕೆಳಗಿನ ಸ್ವಿಚ್ಚು, ಎಡಗಡೆಯಿಂದ ನೋಡ್ಕೊಂಡು ಬನ್ನಿ. ಟೇಪ್ ಮೇಲೆ ಬರ್ದಿದ್ದೀನಿ, ಓದಿದ್ರೆ ಗೊತ್ತಾಗುತ್ತೆ’ ಅಂದರು.

ನಾನು ಟಾರ್ಚ್ ಹಿಡಿದು ಪಿ1-ಎ07ರ ಮುಂದೆ ನಿಂತಿದ್ದೆ.